ಮಗು ಆಡುತ್ತಿದೆಯಲ್ಲ, ಇನ್ನೂ ಯಾಕೆ ಹಣ?



ಹೋದ ತಿಂಗಳು ಸಂಘದ ಕಚೇರಿಯ ಮೆಟ್ಟಿಲ ಮೇಲೆ ನಾಲ್ಕು ವರ್ಷದ ಹುಡುಗಿಯೊಂದು ಪೆನ್ನಿನ ಮುಚ್ಚಳ ಇಟ್ಟುಕೊಂಡು ಆಡುತ್ತಿತ್ತು. ತಲೆಯಲ್ಲಿ ಆಗ ತಾನೇ ಚಿಗುರಿದ ಮೆತ್ತನೆ ಕೂದಲು, ಕೆನ್ನೆ ಗುಂಡಗೆ. ಒಳಗೆ ತಾಯಿ ಆ ತಿಂಗಳ ಕಂತಿಗೆ ರಸೀದಿ ಬರೆಸುತ್ತಿದ್ದಳು. ನಮ್ಮ ಹಿರಿಯ ದಾನಿಯೊಬ್ಬರು ಅದೇ ಹೊತ್ತಿಗೆ ಬಂದವರು ನನ್ನನ್ನು ಪಕ್ಕಕ್ಕೆ ಕರೆದು, 'ಇದೇ ಮಗುವೇನ್ರೀ? ಚೆನ್ನಾಗಿಯೇ ಇದೆಯಲ್ಲ. ಇನ್ನೂ ಒಂದೂವರೆ ವರ್ಷ ಹಣ ಕೊಡಬೇಕು ಅಂತ ಮನವಿಯಲ್ಲಿ ಬರೆದಿದ್ದೀರಿ, ಯಾಕೆ?' ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿದವನು ನಾನು. ಇಂಥ ಪ್ರಶ್ನೆ ಕೇಳದೆ ಹಣ ಕೊಡುವವರನ್ನು ಕಂಡರೆ ನನಗೇ ಭಯ. ಅಲ್ಲೇ ನಿಂತು ನಾಲ್ಕು ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಅದಕ್ಕೆ ಈ ಲೇಖನ.

ನಾನು ಬಿ.ಕಾಂ. ಓದಿದವನು, ವೈದ್ಯನಲ್ಲ. ಇಲ್ಲಿ ಬರೆದದ್ದನ್ನು ಆಸ್ಪತ್ರೆಯ ವರಾಂಡದಲ್ಲಿ ಕೂತು, ವೈದ್ಯರನ್ನೂ ನರ್ಸಮ್ಮಂದಿರನ್ನೂ ಕೇಳಿ ಕೇಳಿ ಕಲಿತದ್ದು. ಮಗುವಿನ ಹೆಸರು, ಊರಿನ ಹೆಸರು ಬರೆಯುವುದಿಲ್ಲ. ನಾಳೆ ಅದು ಶಾಲೆಗೆ ಹೋಗಬೇಕು, ಅಲ್ಲಿ ಯಾರೂ ಈ ಹಾಳೆ ತೋರಿಸಬಾರದು. ಯಾದಗಿರಿ ಜಿಲ್ಲೆಯವರು, ತಂದೆ ಇಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ ಎಂದಷ್ಟೇ ತಿಳಿದರೆ ಸಾಕು.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಇದೇ ಕಾಯಿಲೆಯ ಆರು ವರ್ಷದ ಹುಡುಗನೊಬ್ಬನಿಗೆ ಸಂಘ 60,000 ರೂಪಾಯಿ ಕೊಟ್ಟಿತು. ಒಂದೇ ಚೆಕ್ಕು. ವೇದಿಕೆಯ ಮೇಲೆ ಫೋಟೋ ತೆಗೆಸಿಕೊಂಡೆವು, ಆ ಫೋಟೋದಲ್ಲಿ ನಾನೂ ಇದ್ದೇನೆ. ಆ ಕುಟುಂಬಕ್ಕೆ ತೆಲಂಗಾಣದ ಕಾರ್ಡು ಇತ್ತು, ಆಸ್ಪತ್ರೆಯ ಬಿಲ್ಲನ್ನು ಸರ್ಕಾರದ ಯೋಜನೆ ಕಟ್ಟುತ್ತಿತ್ತು. ಇನ್ನೇನು ಕೊರತೆ ಎಂದು ನಾವು ಫೈಲಿನ ಮೇಲೆ 'ವಿಲೇವಾರಿ ಆಗಿದೆ' ಎಂದು ಬರೆದೆವು. ಹುಡುಗ ಗುಣವಾದಂತೆ ಕಂಡ. ಏಳನೇ ತಿಂಗಳಲ್ಲಿ ಊರಿಗೆ ಹೋದವರು ತಿರುಗಿ ಬರಲಿಲ್ಲ. ನಮ್ಮ ಹಣವನ್ನು ಅವರು ಪೋಲು ಮಾಡಿರಲಿಲ್ಲ. ಮೊದಲ ತಿಂಗಳು ಬಡ್ಡಿಗೆ ತಂದಿದ್ದ ಸಾಲವನ್ನು ಮರ್ಯಾದೆಯಿಂದ ತೀರಿಸಿದ್ದರು, ಅಷ್ಟಕ್ಕೇ ಹಣ ಮುಗಿದಿತ್ತು. ಹತ್ತು ತಿಂಗಳ ಮೇಲೆ ತಲೆನೋವು, ವಾಂತಿ ಎಂದು ಹುಡುಗನನ್ನು ಕರೆತಂದಾಗ ಕಾಯಿಲೆ ಮಿದುಳಿಗೆ ಮರುಕಳಿಸಿತ್ತು. ಹುಡುಗ ಉಳಿಯಲಿಲ್ಲ. ಆ ಹತ್ತು ತಿಂಗಳಲ್ಲಿ ನಮ್ಮಲ್ಲಿ ಒಬ್ಬರೂ ಒಂದು ಫೋನ್ ಮಾಡಿರಲಿಲ್ಲ. ಹತ್ತು ಸಾವಿರದ ಬೆಳೆಸಾಲಕ್ಕೂ ಹೊಲಕ್ಕೆ ಹೋಗಿ ಬೆಳೆ ನೋಡಿ ಬರುತ್ತಿದ್ದವನು ನಾನು. ಮಗುವಿನ ವಿಷಯದಲ್ಲಿ ಹೋಗಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಈಗ ಕಾಯಿಲೆಯ ವಿಷಯಕ್ಕೆ ಬರುತ್ತೇನೆ. ರಕ್ತ ತಯಾರಾಗುವುದು ಎಲುಬಿನ ಒಳಗಿನ ಮಜ್ಜೆಯಲ್ಲಿ. ಅಲ್ಲಿ ಬಿಳಿ ರಕ್ತಕಣಗಳಾಗಬೇಕಾದ ಎಳೆಯ ಜೀವಕೋಶಗಳು ಬಲಿಯದೆ, ನಿಲ್ಲದೆ, ಹೆಚ್ಚುತ್ತಲೇ ಹೋಗುವುದು ಲ್ಯುಕೇಮಿಯಾ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಎಂಬ ಬಗೆ. ಎರಡರಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಜಾಸ್ತಿ. ಬೇಡದ ಕಣಗಳು ಜಾಗವನ್ನೆಲ್ಲ ಹಿಡಿದುಬಿಟ್ಟರೆ ಬೇಕಾದವಕ್ಕೆ ಜಾಗವಿಲ್ಲ. ಕೆಂಪು ಕಣ ಕಡಿಮೆಯಾಗಿ ಮಗು ಬಿಳಿಚಿಕೊಳ್ಳುತ್ತದೆ, ಪ್ಲೇಟ್‌ಲೆಟ್ ಕಡಿಮೆಯಾಗಿ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಏಳುತ್ತವೆ, ಒಳ್ಳೆಯ ಬಿಳಿ ಕಣ ಇಲ್ಲದೆ ಜ್ವರ ಬಿಡುವುದಿಲ್ಲ. ಕಾಲು ನೋವೆಂದು ಮಗು ನಡೆಯಲು ಅಳುತ್ತದೆ. ಈ ಹುಡುಗಿಗೂ ಹೋದ ದೀಪಾವಳಿಯ ಹೊತ್ತಿಗೆ ಹೀಗೇ ಆಯಿತು. ಮೂರು ವಾರ ಊರ ಕಡೆಯ ಔಷಧ, ತಾಯಿತ, ಟಾನಿಕ್ಕು ಎಲ್ಲ ಆಗಿ ಕೊನೆಗೆ ಒಂದು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ಇದು ಅಂಟುರೋಗವಲ್ಲ. ತಾಯಿ ತಿಂದದ್ದು ಉಂಡದ್ದರಿಂದ ಬಂದದ್ದೂ ಅಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಅತ್ತೆಮನೆಯವರು ಆ ಹೆಣ್ಣುಮಗಳಿಗೆ ಆಡಿದ ಮಾತು ನನ್ನ ಕಿವಿಗೂ ಬಿದ್ದಿದೆ.

ಚಿಕಿತ್ಸೆಯ ಮೊದಲ ಹಂತ ನಾಲ್ಕೈದು ವಾರ. ಸ್ಟೀರಾಯ್ಡ್ ಗುಳಿಗೆ, ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು, ಆಸ್ಪರಾಜಿನೇಸ್, ಬೆನ್ನುಹುರಿಯ ನೀರಿಗೆ ನೇರವಾಗಿ ಮೆಥೊಟ್ರೆಕ್ಸೇಟ್. ರಕ್ತಕ್ಕೆ ಕೊಟ್ಟ ಔಷಧ ಮಿದುಳಿನವರೆಗೆ ಸಾಕಷ್ಟು ಹೋಗುವುದಿಲ್ಲವಾದ್ದರಿಂದ ಈ ಬೆನ್ನಿನ ಸೂಜಿ. ವಿನ್‌ಕ್ರಿಸ್ಟಿನ್ ಬಂದದ್ದು ನಿತ್ಯಪುಷ್ಪದ ಗಿಡದಿಂದ. ನಮ್ಮಲ್ಲಿ ಕಾಶಿಕಣಗಿಲೆ, ಇಲ್ಲಿಯ ತೆಲುಗರಲ್ಲಿ ಬಿಳ್ಳ ಗನ್ನೇರು ಎನ್ನುತ್ತಾರಲ್ಲ, ಅದೇ. ಇದನ್ನು ಕೇಳಿ ಯಾರೂ ಎಲೆ ಅರೆದು ಕುಡಿಸಲು ಹೋಗಬೇಡಿ. ಅದು ವಿಷ. ಔಷಧವಾಗಬೇಕಾದರೆ ಮಿಲಿಗ್ರಾಂ ಲೆಕ್ಕದಲ್ಲಿ ಶುದ್ಧವಾಗಿ ಬರಬೇಕು.

ಆ ಮೊದಲ ತಿಂಗಳಿನ ಬಗ್ಗೆ ತಾಯಿ ಹೇಳಿದ್ದು ಬೇರೆ. ಸ್ಟೀರಾಯ್ಡಿನಿಂದ ಮಗುವಿಗೆ ತಡೆಯಲಾಗದ ಹಸಿವು. ರಾತ್ರಿ ಎರಡು ಗಂಟೆಗೆ ಎದ್ದು ಚಿತ್ರಾನ್ನ ಬೇಕೆಂದು ರಂಪ. ವಾರ್ಡಿನಲ್ಲಿ ಅಕ್ಕಪಕ್ಕದ ಮಕ್ಕಳೂ ಅದೇ ಹೊತ್ತಿಗೆ ಎದ್ದು ಅಳು. ಮುಖ ಊದಿ ಗುರುತು ಸಿಗದಂತಾಯಿತು. ಯಾವತ್ತೂ ಎದುರು ಮಾತಾಡದ ಕೂಸು ತಾಯಿಯ ಕೈ ಕಚ್ಚಿತು. 'ಇದು ನನ್ನ ಮಗಳ ಅಲ್ಲ ಅನಿಸಿಬಿಟ್ಟಿತ್ತು ಸರ್' ಎಂದಳು. ಅದು ಔಷಧದ ಗುಣ, ನಿಲ್ಲಿಸಿದ ಮೇಲೆ ಹೋಗುತ್ತದೆ ಎಂದು ನರ್ಸಮ್ಮ ಮೊದಲೇ ಹೇಳಿದ್ದರಿಂದ ಹೇಗೋ ತಡೆದುಕೊಂಡಳಂತೆ.

ಆ ಹಂತದ ಕೊನೆಗೆ ಮಜ್ಜೆಯನ್ನು ಮತ್ತೆ ಪರೀಕ್ಷೆ ಮಾಡುತ್ತಾರೆ. ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಯಿಲೆ ಕಾಣುವುದೇ ಇಲ್ಲ. ಇದಕ್ಕೆ ರೆಮಿಶನ್ ಎನ್ನುತ್ತಾರೆ. ಎಡವುವುದು ಇಲ್ಲೇ. 'ಕಾಣುವುದಿಲ್ಲ' ಎಂದರೆ 'ಇಲ್ಲ' ಎಂದಲ್ಲ. ಕಾಯಿಲೆ ಗೊತ್ತಾದ ದಿನ ಮೈಯಲ್ಲಿ ಇಂಥ ಕಣಗಳು ಸುಮಾರು ಒಂದು ಲಕ್ಷ ಕೋಟಿ ಇರುತ್ತವೆ. ಕಣ್ಣಿಗೆ ಕಾಣದಷ್ಟು ಕಡಿಮೆಯಾದ ದಿನವೂ ಸಾವಿರ ಕೋಟಿಯವರೆಗೆ ಉಳಿದಿರಬಹುದು. ಹತ್ತು ಸಾವಿರ ಕಣಗಳಲ್ಲಿ ಒಂದಿದ್ದರೂ ಹಿಡಿಯುವ ಪರೀಕ್ಷೆ ಈಗ ಬಂದಿದೆ, ಅದರ ಮೇಲೆ ಮುಂದಿನ ಔಷಧದ ಬಿರುಸನ್ನು ತೀರ್ಮಾನಿಸುತ್ತಾರೆ. ಆ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಎಷ್ಟು ದಿನ ಕೊಡಬೇಕು ಎಂಬುದನ್ನು ಜಗತ್ತು ಕಲಿತದ್ದೂ ಬಹಳ ನೋವಿನಿಂದಲೇ. ಇದರಲ್ಲಿ ನಮ್ಮ ನೆರೆಯವರೊಬ್ಬರ ಪಾಲು ಇದೆ. ಗೋದಾವರಿ ಸೀಮೆಯ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮದ್ರಾಸಿನಲ್ಲಿ ವೈದ್ಯ ಓದಿದವರು. ಖಾದಿ ತೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಹೋದದ್ದಕ್ಕೆ ಪ್ರೊಫೆಸರರ ಸಿಟ್ಟಿಗೆ ಗುರಿಯಾಗಿ ಎಂ.ಬಿ.ಬಿ.ಎಸ್. ಬದಲು ಕೆಳಗಿನ ಎಲ್.ಎಂ.ಎಸ್. ಪದವಿ ಪಡೆದರು. 1923ರಲ್ಲಿ ಅಮೆರಿಕಕ್ಕೆ ಹೋದರು. ಮುಂದೆ ಲೆಡರ್ಲೆ ಎಂಬ ಔಷಧ ಕಂಪನಿಯಲ್ಲಿ ಅವರ ತಂಡ ಫೋಲಿಕ್ ಆಮ್ಲದ ಕೆಲಸ ತಡೆಯುವ ಔಷಧಗಳನ್ನು ತಯಾರಿಸಿತು. ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅದರಲ್ಲೊಂದಾದ ಅಮಿನೊಪ್ಟೆರಿನ್ ಅನ್ನು ಲ್ಯುಕೇಮಿಯಾ ಮಕ್ಕಳಿಗೆ ಕೊಟ್ಟು 1948ರಲ್ಲಿ ಪ್ರಕಟಿಸಿದರು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಚೇತರಿಸಿಕೊಂಡಿದ್ದರು. ಅದುವರೆಗೆ ಈ ಕಾಯಿಲೆಯಲ್ಲಿ ಯಾರೂ ಕಾಣದ ಸಂಗತಿ ಅದು. ಆದರೆ ಕೆಲವು ತಿಂಗಳಲ್ಲಿ ಕಾಯಿಲೆ ತಿರುಗಿ ಬಂತು. ಸುಬ್ಬರಾಯರೂ ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಆಮೇಲೆ ಒಂದೊಂದಾಗಿ ಔಷಧ ಬಂದವು. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಕಂಡುಹಿಡಿದ 6-ಮರ್‌ಕ್ಯಾಪ್ಟೊಪ್ಯುರಿನ್ 1950ರ ದಶಕದ ಮೊದಲಲ್ಲೇ ಬಂತು. ಒಂದೇ ಔಷಧ ಕೊಟ್ಟರೆ ಕಾಯಿಲೆ ವಾಪಸು, ನಾಲ್ಕು ಸೇರಿಸಿ ಕೊಟ್ಟರೆ ರಕ್ತ ಶುದ್ಧ, ಆದರೆ ಮಿದುಳಿನಲ್ಲಿ ವಾಪಸು. 1960ರ ದಶಕದಲ್ಲಿ ಮೆಂಫಿಸ್‌ನ ಡಾ. ಡೊನಾಲ್ಡ್ ಪಿಂಕೆಲ್ ಎಲ್ಲ ಔಷಧ ಸೇರಿಸಿ, ಮಿದುಳಿಗೂ ಚಿಕಿತ್ಸೆ ಕೊಟ್ಟು, ಆಮೇಲೂ ವರ್ಷಗಟ್ಟಲೆ ಗುಳಿಗೆ ಮುಂದುವರಿಸಿದಾಗ ಅರ್ಧದಷ್ಟು ಮಕ್ಕಳು ಪೂರ್ತಿ ಗುಣವಾದರು. ಇವತ್ತು ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮ ದೇಶದಲ್ಲಿ ಅಷ್ಟಿಲ್ಲ. ಔಷಧ ಬೇರೆಯೇನಲ್ಲ. ನಡುವೆ ಬರುವ ಸೋಂಕು, ನಡುವೆ ಬಿಟ್ಟುಹೋಗುವ ಚಿಕಿತ್ಸೆ, ಇವೆರಡು ದೊಡ್ಡ ಕಾರಣಗಳು. ಎರಡರಲ್ಲೂ ಸಂಘದಂಥವರು ಮಾಡುವ ಕೆಲಸ ಇದೆ.

ಸೋಂಕಿನ ಮಾತು. ಔಷಧದಿಂದ ಒಳ್ಳೆಯ ಬಿಳಿ ಕಣಗಳೂ ನೆಲಕಚ್ಚಿದ ದಿನಗಳಲ್ಲಿ 100.4 ಡಿಗ್ರಿ ಜ್ವರ ಬಂದರೂ ಅದು ತುರ್ತು. ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ, ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಮುಚ್ಚಿಡುವಂತಿಲ್ಲ, ನೇರ ಆಸ್ಪತ್ರೆಗೆ. ಜನವರಿಯ ಒಂದು ರಾತ್ರಿ ಹನ್ನೊಂದೂವರೆಗೆ ಆ ತಂದೆಯ ಫೋನು ಬಂತು. 'ಕಾಟಾ ನೂರಾ ಒಂದು ತೋರ್ಸಾಕತ್ತದ ಸರ್.' ಕಾಟಾ ಎಂದರೆ ನಾವು ಕೊಡಿಸಿದ ಥರ್ಮಾಮೀಟರು. ಆಟೋ ಮಾಡಿಕೊಂಡು ಮುಕ್ಕಾಲು ಗಂಟೆಯಲ್ಲಿ ತಲುಪಿದರು. ಒಂಬತ್ತು ದಿನ ನರದ ಮೂಲಕ ಆಂಟಿಬಯಾಟಿಕ್ ಕೊಟ್ಟರು. ಆ ವಾರ ಪ್ಲೇಟ್‌ಲೆಟ್ ಕೂಡ ಬೇಕಾಯಿತು, ಅದನ್ನು ಐದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲಾಗುವುದಿಲ್ಲ, ಆಗಿಂದಾಗ ಕೊಡುವವರು ಬೇಕು. ನಮ್ಮ ಯುವ ಸದಸ್ಯರಲ್ಲಿ ಮೂವರು ರಾತ್ರಿ ಪಾಳಿ ಮುಗಿಸಿ ನೇರ ಬಂದು ಕೊಟ್ಟರು. ಅರವತ್ತು ದಾಟಿದ ನನ್ನಂಥವರ ಪ್ಲೇಟ್‌ಲೆಟ್ ತೆಗೆದುಕೊಳ್ಳುವುದಿಲ್ಲ. ಹೊರಗೆ ಚಹಾ ತಂದುಕೊಡುವ ಕೆಲಸ ಮಾಡಿದೆ. ಇನ್ನೂರು ರೂಪಾಯಿ ಒಳಗಿನ ಥರ್ಮಾಮೀಟರು ಅದು. ಆ ಹುಡುಗನ ಮನೆಯಲ್ಲಿ ಒಂದು ಇತ್ತೋ ಇಲ್ಲವೋ, ನಾವು ಕೇಳಿರಲಿಲ್ಲ.

ಬಿಡುವ ಮಾತು ಬಂದದ್ದು ಫೆಬ್ರುವರಿಯಲ್ಲಿ. ಊರಲ್ಲಿ ಜೋಳದ ಸುಗ್ಗಿ. ಅಣ್ಣತಮ್ಮಂದಿರು ಬಾ ಎಂದು ಕರೆಯುತ್ತಿದ್ದಾರೆ, ಇಲ್ಲಿ ಬಾಡಿಗೆ ಎರಡು ತಿಂಗಳು ನಿಂತಿದೆ. ಅವರ ಕೋಣೆಗೆ ಹೋದಾಗ ತಂದೆ ಹೇಳಿದ: 'ಕೂಸು ಆಡ್ಕೊಂತ ಅದರೀ ಸರ್. ರಕ್ತದಾಗ ಏನೂ ಇಲ್ಲಂತ ಡಾಕ್ಟರೇ ಹೇಳ್ಯಾರ. ಇಲ್ಲದ ರೋಗಕ್ಕ ಇನ್ನ ಎರಡು ವರ್ಷ ಸೂಜಿ ಚುಚ್ಚೂದು ಯಾಕ್ರೀ?' ಮೆಟ್ಟಿಲ ಮೇಲೆ ನಮ್ಮ ದಾನಿಗಳು ಕೇಳಿದ್ದೂ ಇದನ್ನೇ. ನಾನು ಸಾಲದ ಖಾತೆ, ಬಾಕಿ, ಬಡ್ಡಿ ಎಂದು ಏನೋ ಉದಾಹರಣೆ ಕೊಡಲು ಹೋದೆ, ಅವನ ಮುಖ ಇನ್ನೂ ಸಣ್ಣದಾಯಿತು. ಒಲೆಯ ಮುಂದೆ ಕೂತಿದ್ದ ತಾಯಿ ತಿರುಗಿ ನೋಡದೆಯೇ, 'ಹೊಲದಾಗಿನ ಕರಿಕಿ ಮ್ಯಾಲೆ ಕೊಯ್ದರ ಹ್ವಾದಂಗ ಕಾಣ್ತದ. ಬೇರು ಇರ್ತಾವಲ್ಲ. ಒಂದು ಮಳಿ ಆದ್ರ ಸಾಕು' ಎಂದಳು. ಅವನು ಮತ್ತೆ ಮಾತಾಡಲಿಲ್ಲ. ಸುಗ್ಗಿಗೆ ಒಬ್ಬನೇ ಹೋಗಿ ಹನ್ನೆರಡು ದಿನಕ್ಕೆ ವಾಪಸು ಬಂದ. ನಿಂತ ಬಾಡಿಗೆಯನ್ನು ಸಂಘ ನೇರವಾಗಿ ಮನೆ ಮಾಲೀಕರಿಗೆ ಕಟ್ಟಿತು. ಆ ದಿನ ಒಂಬತ್ತು ಸಾವಿರ ರೂಪಾಯಿ ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತು, ಒಮ್ಮೆ ನೋಡಿದ್ದೇನೆ.

ಸರ್ಕಾರದ ಯೋಜನೆಗಳಿಲ್ಲವೇ ಎಂದು ಹಲವರು ಕೇಳುತ್ತೀರಿ. ಇವೆ, ಒಳ್ಳೆಯವೇ ಇವೆ. 2007ರಲ್ಲಿ ಅವಿಭಜಿತ ಆಂಧ್ರದಲ್ಲಿ ಶುರುವಾದ ಆರೋಗ್ಯಶ್ರೀ ತೆಲಂಗಾಣದಲ್ಲಿ 2023ರ ಡಿಸೆಂಬರಿನಿಂದ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷದವರೆಗೆ ಇದೆ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಿ.ಪಿ.ಎಲ್. ಕುಟುಂಬಕ್ಕೆ 5 ಲಕ್ಷದವರೆಗೆ. ನಮ್ಮ ಜನ ಎರಡರ ನಡುವಿನ ಬಿರುಕಿನಲ್ಲಿ ಬೀಳುತ್ತಾರೆ. ದುಡಿಯುವುದು ಇಲ್ಲಿ, ರೇಷನ್ ಕಾರ್ಡು ಅಜ್ಜನ ಮನೆಯಲ್ಲಿ. ಆರೋಗ್ಯಶ್ರೀಗೆ ತೆಲಂಗಾಣದ ಕಾರ್ಡು ಬೇಕು. ಬೆಂಗಳೂರಿನ ಕಿದ್ವಾಯಿಗೆ ಹೋಗಬಹುದು, ಕಲಬುರಗಿಯಲ್ಲೂ ಅದರ ಶಾಖೆ ಇದೆ. ಇಲ್ಲಿ ರೆಡ್ ಹಿಲ್ಸ್‌ನಲ್ಲಿ ಎಂ.ಎನ್.ಜೆ. ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇದೆ. ಯಾವ ಊರಿನಲ್ಲಿ ಎರಡೂವರೆ ವರ್ಷ ನಿಲ್ಲಲು ಸಾಧ್ಯ ಎಂಬುದನ್ನು ಮೊದಲ ವಾರದಲ್ಲೇ ಕೂತು ಯೋಚಿಸಬೇಕು. ಅರ್ಧದಲ್ಲಿ ಊರು ಬದಲಿಸಿದರೆ ಕಾಗದಪತ್ರ, ವಾರಗಳು ಎರಡೂ ಕಳೆದುಹೋಗುತ್ತವೆ. ಈ ಕುಟುಂಬಕ್ಕೆ ಕೆಲಸ ಇರುವ ಊರೇ ಸರಿ ಅನಿಸಿತು. ಬಿಲ್ಲಿನ ದೊಡ್ಡ ಭಾಗಕ್ಕೆ ಆಸ್ಪತ್ರೆಯ ಸಮಾಜಸೇವಾ ವಿಭಾಗದವರು ದಾರಿ ಹುಡುಕಿದರು. ಉಳಿದದ್ದಕ್ಕೆ ಪ್ರಧಾನಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿದ್ದೇವೆ. ಅರ್ಜಿ ತುಂಬುವುದು ನನ್ನ ಪಾಲಿನ ಕೆಲಸ, ಅದು ನನಗೆ ಕಷ್ಟವಲ್ಲ.

ಕಷ್ಟ ಇರುವುದು ಯಾವ ಯೋಜನೆಯೂ ಕಟ್ಟದ ಖರ್ಚಿನಲ್ಲಿ. ತಾಯಿಯ ಕೈಯಲ್ಲಿ ನಲವತ್ತು ಪುಟದ ನೋಟುಪುಸ್ತಕ ಕೊಟ್ಟಿದ್ದೇವೆ, ಪಕ್ಕದ ಮನೆಯ ಹುಡುಗ ಬರೆದುಕೊಡುತ್ತಾನೆ. ಜುಲೈ ತಿಂಗಳದ್ದು ಹೀಗಿದೆ: ಬಾಡಿಗೆ 4,500, ಆಟೋ ಮತ್ತು ಬಸ್ಸು 2,160, ಹೊರಗಿನ ರಕ್ತಪರೀಕ್ಷೆ 1,400, ಔಷಧ 2,850, ಕುಡಿಯುವ ನೀರಿನ ಕ್ಯಾನು 600. ಒಟ್ಟು 11,510 ರೂ. ಇದರಲ್ಲಿ ಊಟ ಇಲ್ಲ. ಆ ತಿಂಗಳು ತಂದೆಗೆ ಸಿಕ್ಕಿದ್ದು ಹದಿಮೂರು ದಿನದ ಕೂಲಿ, ತಾಯಿಗೆ ಒಂದು ದಿನದ್ದೂ ಇಲ್ಲ. ತೆಲಂಗಾಣದ ಹೆಣ್ಣುಮಕ್ಕಳಿಗೆ ಇಲ್ಲಿ ಬಸ್ಸು ಉಚಿತ. ಇವಳ ಆಧಾರ್‌ನಲ್ಲಿ ಕರ್ನಾಟಕದ ವಿಳಾಸ, ಟಿಕೆಟ್ ತೆಗೆಯಬೇಕು. ಕಣ ಕಡಿಮೆ ಇರುವ ದಿನ ತುಂಬಿದ ಬಸ್ಸು ಹತ್ತುವಂತೆಯೂ ಇಲ್ಲ. ಊರಿಂದ ರೈಲಿನಲ್ಲಿ ಬಂದು ಹೋಗುವ ಕುಟುಂಬಗಳಿಗೆ ಒಂದು ಮಾತು: ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೆ ನೂರಕ್ಕೆ ಎಪ್ಪತ್ತೈದು. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಹುಡುಗಿ ಈಗ ಒಂಬತ್ತನೇ ತಿಂಗಳಲ್ಲಿದ್ದಾಳೆ. ಬಿರುಸಿನ ಹಂತ ಮುಗಿದು ನಿರ್ವಹಣೆಯ ಹಂತ ಈಗ ತಾನೇ ಶುರುವಾಗಿದೆ. ಇನ್ನು ಸುಮಾರು ಒಂದೂವರೆ ವರ್ಷ ಮನೆಯಲ್ಲೇ ಗುಳಿಗೆ. ಪ್ರತಿ ರಾತ್ರಿ 6-ಮರ್‌ಕ್ಯಾಪ್ಟೊಪ್ಯುರಿನ್, ವಾರಕ್ಕೆ ಒಂದೇ ಒಂದು ದಿನ ಮೆಥೊಟ್ರೆಕ್ಸೇಟ್. ಈ ಎರಡನೆಯದು ಸುಬ್ಬರಾಯರ ತಂಡದ ಕೆಲಸದಿಂದಲೇ ಬಂದದ್ದು. ವಾರದ ಗುಳಿಗೆಯನ್ನು ಮರೆತು ದಿನವೂ ಕೊಟ್ಟರೆ ಪ್ರಾಣಕ್ಕೇ ಅಪಾಯ. ದಿನದ ಗುಳಿಗೆ ಆಗಾಗ ತಪ್ಪಿದರೆ ಕಾಯಿಲೆ ಮರುಕಳಿಸುವ ಅಪಾಯ. ನೂರರಲ್ಲಿ ಐದಕ್ಕಿಂತ ಹೆಚ್ಚು ತಪ್ಪಿದ ಮಕ್ಕಳಲ್ಲಿ ಆ ಅಪಾಯ ಹೆಚ್ಚೆಂದು ಅಮೆರಿಕದಲ್ಲಿ ಅಧ್ಯಯನ ಮಾಡಿ ತೋರಿಸಿದ್ದಾರೆ. ಈ ಮಗುವಿಗೆ ಸದ್ಯ ವಾರದಲ್ಲಿ ನಾಲ್ಕು ರಾತ್ರಿ ಒಂದು ಗುಳಿಗೆ, ಮೂರು ರಾತ್ರಿ ಅರ್ಧ. ರಕ್ತದ ಲೆಕ್ಕ ನೋಡಿ ವೈದ್ಯರು ಅದನ್ನೂ ಬದಲಿಸುತ್ತಿರುತ್ತಾರೆ. ಓದು ಬಾರದ ತಾಯಿ ಇದನ್ನು ಹೇಗೆ ನೆನಪಿಡಬೇಕು? ನನ್ನ ಹಳೇ ಬ್ಯಾಂಕಿನ ಕ್ಯಾಲೆಂಡರ್ ಒಂದನ್ನು ಕೊಟ್ಟು, ಅರ್ಧಕ್ಕೆ ಅರ್ಧ ಚಂದ್ರ, ಒಂದಕ್ಕೆ ಪೂರ್ತಿ ಚಂದ್ರ ಬರೆದುಕೊಟ್ಟೆ. ಸೋಮವಾರಗಳಿಗೆ ಏನು ಗುರುತು ಮಾಡಲಿ ಎಂದು ನಾನು ಯೋಚಿಸುತ್ತಿರುವಾಗಲೇ ಅವಳು ಎದ್ದುಹೋಗಿ ಕುಂಕುಮದ ಭರಣಿ ತಂದು ಒಂದೊಂದು ಸೋಮವಾರಕ್ಕೂ ತಾನೇ ಬೊಟ್ಟು ಇಟ್ಟಳು.

ಸಮಿತಿ ಈಗ ಒಂದೇ ಚೆಕ್ಕು ಕೊಡುವುದನ್ನು ಬಿಟ್ಟಿದೆ. ತಿಂಗಳಿಗೆ 8,000 ರೂ. ಕಂತು, ಕಂತು ಕೊಡುವ ದಿನ ನೋಟುಪುಸ್ತಕ ಮತ್ತು ಕ್ಯಾಲೆಂಡರ್ ನೋಡುವುದು, ಬಾರದಿದ್ದರೆ ಮೂರನೇ ದಿನ ಮನೆಗೆ ಹೋಗುವುದು. ಹದಿನೆಂಟು ತಿಂಗಳಿಗೆ 1,44,000 ರೂ. ಬೇಕು, ಕೈಯಲ್ಲಿ ಇರುವುದು 61,000. ಉಳಿದ 83,000ಕ್ಕೆ ಈ ಮನವಿ. ಒಟ್ಟಿಗೆ ದೊಡ್ಡ ಮೊತ್ತ ಕೊಡುವವರಿಗಿಂತ ತಿಂಗಳಿಗೆ ಐನೂರು, ಸಾವಿರ ಎಂದು ಒಪ್ಪಿ ತಪ್ಪದೆ ಕೊಡುವವರು ನಮಗೆ ಹೆಚ್ಚು ಬೇಕು. ನಗದಾಗಿ ಎರಡು ಸಾವಿರಕ್ಕಿಂತ ಹೆಚ್ಚು ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೆ ಕೊಟ್ಟರೂ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹದಿನೆಂಟರಿಂದ ಅರವತ್ತರೊಳಗಿನ ಆರೋಗ್ಯವಂತರು ಪ್ಲೇಟ್‌ಲೆಟ್ ಕೊಡುವವರ ಪಟ್ಟಿಯಲ್ಲಿ ಹೆಸರು ಬರೆಸಿ. ನಮ್ಮ ಪಟ್ಟಿಯಲ್ಲಿ ಈಗ ಇಪ್ಪತ್ತೊಂದು ಹೆಸರುಗಳಿವೆ.

ಮೆಟ್ಟಿಲ ಮೇಲೆ ಪ್ರಶ್ನೆ ಕೇಳಿದ ಹಿರಿಯರಿಗೆ ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಓದಿ ಹೇಳಿದೆ. ಎಲ್ಲ ಕೇಳಿ, 'ಮುಂದಿನ ಕಂತಿನ ದಿನ ನಾನೂ ಬರುತ್ತೇನೆ, ಆ ಕ್ಯಾಲೆಂಡರ್ ನೋಡಬೇಕು' ಎಂದರು. ಸೆಪ್ಟೆಂಬರ್ 5, ಬೆಳಿಗ್ಗೆ ಹನ್ನೊಂದಕ್ಕೆ.